ನಡುಮೈದಾನದಲ್ಲಿ ಇಪ್ಪತ್ತಾರು ವರ್ಷ



ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ನಾವು ಮೊದಲು ಕೇಳುವುದು, ಗೋಲು ಹೊಡೆದವರು ಯಾರು ಅಂತ. ಆಮೇಲೆ ಕೇಳುವುದು, ಗೋಲ್‌ಕೀಪರ್ ಹೇಗೆ ಬಿಟ್ಟಳು ಅಂತ. ನಡುವೆ ಓಡಾಡಿದವರ ಸುದ್ದಿ ಯಾರಿಗೂ ಬೇಡ. ಸಿಂದಗಿ ಕಡೆಯ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಹುಡುಗಿಯರಿಗೆ ಚೆಂಡು ಕೊಟ್ಟು ಜಾಗ ಹಂಚಿದರೆ ಮುಂದೆ ನಿಲ್ಲಲು ಎಲ್ಲರೂ ತಯಾರು. ಗೋಲಿನ ಮುಂದೆ ನಿಲ್ಲಲೂ ಒಬ್ಬಳು ಧೈರ್ಯದವಳು ಸಿಗುತ್ತಾಳೆ. ನಡುವೆ ನಿಲ್ಲು ಅಂದವಳು ಮಾತ್ರ ಮುಖ ಸಣ್ಣದು ಮಾಡಿಕೊಂಡು ಕೇಳುತ್ತಾಳೆ: 'ಸರ್, ನಡುವ ನಿಂತು ನಾ ಏನ್ ಮಾಡ್ಲಿ?'

ಕಬಡ್ಡಿ ಬಲ್ಲ ಸೀಮೆ ನಮ್ಮದು, ಅಲ್ಲಿಂದಲೇ ಹೇಳುತ್ತೇನೆ. ರೇಡಿಗೆ ಹೋದವಳ ಹೆಸರು ಹಿಡಿದು ಊರೆಲ್ಲ ಕೂಗುತ್ತದೆ. ಅವಳು ತಿರುಗಿ ಹೋಗುವ ಹೊತ್ತಿಗೆ ಸರಿಯಾಗಿ ಒಂದು ಹೆಜ್ಜೆ ಒಳಗೆ ಬಂದು ದಾರಿ ಮುಚ್ಚಿದ ಕವರ್ ಆಟಗಾರ್ತಿಯನ್ನು ಅವಳ ಜೊತೆಗಾರ್ತಿಯರಷ್ಟೇ ನೆನಪಿಡುತ್ತಾರೆ. ಫುಟ್‌ಬಾಲಿನಲ್ಲಿ ಮಿಡ್‌ಫೀಲ್ಡರ್ ಇದನ್ನು ತೊಂಬತ್ತು ನಿಮಿಷ ಮಾಡುತ್ತಾಳೆ, ಹತ್ತು ಕಿಲೋಮೀಟರಿನ ಆಸುಪಾಸು ಓಡುತ್ತಾಳೆ. ಅದರಲ್ಲೂ ರಕ್ಷಣೆಯ ಸಾಲಿಗೆ ಒತ್ತಿ ಆಡುವ ಮಿಡ್‌ಫೀಲ್ಡರ್ ಎದುರಿನವರ ದಾಳಿ ರೂಪ ಪಡೆಯುವ ಮೊದಲೇ ಅದನ್ನು ಕೆಡಿಸಬೇಕು. ಕಸಿದ ಚೆಂಡನ್ನು ಒಂದೆರಡು ಸ್ಪರ್ಶದಲ್ಲಿ ತನ್ನವರ ಕಾಲಿಗೆ ದಾಟಿಸಬೇಕು. ಅವಳ ಆಟ ನೋಡುವ ಒಂದು ಉಪಾಯ ಹೇಳುತ್ತೇನೆ. ಮುಂದಿನ ಸಲ ಟೀವಿಯಲ್ಲಿ ಪಂದ್ಯ ನೋಡುವಾಗ ಐದು ನಿಮಿಷ ಚೆಂಡನ್ನು ಬಿಟ್ಟು ಅವಳ ಕುತ್ತಿಗೆಯನ್ನೇ ನೋಡಿ. ಚೆಂಡು ಇನ್ನೂ ಇಪ್ಪತ್ತು ಗಜ ದೂರ ಇರುವಾಗಲೇ ಒಮ್ಮೆ ಎಡ ಹೆಗಲ ಮೇಲಿಂದ, ಒಮ್ಮೆ ಬಲ ಹೆಗಲ ಮೇಲಿಂದ ಹಿಂದೆ ನೋಡಿರುತ್ತಾಳೆ. ಮೈಯನ್ನು ಅರ್ಧ ತಿರುಗಿಸಿ, ಮೈದಾನದ ಎರಡೂ ತುದಿ ಕಣ್ಣಿಗೆ ಬೀಳುವ ಹಾಗೆ ನಿಂತಿರುತ್ತಾಳೆ. ಚೆಂಡು ಕಾಲಿಗೆ ಬಂದ ಮೇಲೆ ಯೋಚನೆ ಮಾಡುವವಳು ಈ ಜಾಗಕ್ಕೆ ನಡೆಯುವುದಿಲ್ಲ.

ಈ ಜಾಗದಲ್ಲಿ 26 ವರ್ಷ ತನ್ನ ದೇಶಕ್ಕೆ ಆಡಿದ ಒಬ್ಬ ಹೆಣ್ಣುಮಗಳ ಬಗ್ಗೆ ಇವತ್ತು ಹೇಳಬೇಕು. ಬ್ರೆಜಿಲ್ ದೇಶದವರು. ಹೆಸರು ಮಿರೈಲ್ಡೆಸ್ ಮಾಸಿಯೆಲ್ ಮೋಟಾ. ಆ ಹೆಸರಿನಿಂದ ಅವರನ್ನು ಯಾರೂ ಕರೆಯುವುದಿಲ್ಲ. ಜಗತ್ತಿಗೆಲ್ಲ ಅವರು ಫೋರ್ಮೀಗಾ, ಅಂದರೆ ಇರುವೆ. ತನಗಾಗಿ ಆಡದೆ ತಂಡಕ್ಕಾಗಿ ದುಡಿಯುವುದನ್ನು ಕಂಡು ಚಿಕ್ಕಂದಿನಲ್ಲಿ ಯಾರೋ ಇಟ್ಟ ಅಡ್ಡಹೆಸರು ಅದು. ಮೊದಮೊದಲು ಅವರಿಗೇ ಅದು ಸೇರುತ್ತಿರಲಿಲ್ಲವಂತೆ.

ಫೋರ್ಮೀಗಾ ಹುಟ್ಟಿದ್ದು 1978ರ ಮಾರ್ಚ್ 3ರಂದು, ಬಾಹಿಯಾ ಪ್ರಾಂತದ ಸಾಲ್ವದೋರ್ ಪಟ್ಟಣದಲ್ಲಿ. ಈ ಇಸವಿಯನ್ನು ಸ್ವಲ್ಪ ನೆನಪಿಡಿ. ಫುಟ್‌ಬಾಲ್ ಅಂದರೆ ಬ್ರೆಜಿಲ್, ಬ್ರೆಜಿಲ್ ಅಂದರೆ ಫುಟ್‌ಬಾಲ್ ಅಂತ ನಾವೆಲ್ಲ ಹೇಳಿಕೊಂಡು ಬಂದಿದ್ದೇವಲ್ಲ, ಆ ಬ್ರೆಜಿಲ್‌ನಲ್ಲಿ 1978ರಲ್ಲಿ ಹೆಂಗಸರು ಫುಟ್‌ಬಾಲ್ ಆಡುವುದು ಕಾನೂನಿಗೆ ವಿರುದ್ಧವಾಗಿತ್ತು. 1941ರ ಏಪ್ರಿಲ್ 14ರಂದು ಗೆಟೂಲಿಯೋ ವರ್ಗಾಸ್ ಸರ್ಕಾರ ಒಂದು ಆಜ್ಞೆ ಹೊರಡಿಸಿ, ಹೆಣ್ಣಿನ ಪ್ರಕೃತಿಗೆ ಒಗ್ಗದ ಆಟಗಳನ್ನು ಹೆಣ್ಣುಮಕ್ಕಳು ಆಡಕೂಡದು ಎಂದು ವಿಧಿಸಿತ್ತು. ಆ ನಿಷೇಧ ತೆಗೆದದ್ದು 1979ರಲ್ಲಿ. ಅಂದರೆ ಪೆಲೆ ಮೂರು ವಿಶ್ವಕಪ್ ಗೆದ್ದ ಕಾಲದುದ್ದಕ್ಕೂ ಅದೇ ದೇಶದಲ್ಲಿ ಒಬ್ಬ ಹುಡುಗಿ ಚೆಂಡು ಒದ್ದರೆ ಅದು ಕಳ್ಳಾಟವೇ. ಬ್ರೆಜಿಲ್ ಒಂದನ್ನೇ ದೂರಬೇಕಾಗಿಲ್ಲ. ಆಟ ಹುಟ್ಟಿದ ಇಂಗ್ಲೆಂಡಿನಲ್ಲಿ 1920ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕಿಗೆ ಹೆಂಗಸರ ಪಂದ್ಯ ನೋಡಲು ಸುಮಾರು 53,000 ಜನ ಬಂದಿದ್ದರು. ಮರುವರ್ಷವೇ ಅಲ್ಲಿಯ ಫುಟ್‌ಬಾಲ್ ಸಂಸ್ಥೆ ತನ್ನ ಮೈದಾನಗಳನ್ನು ಹೆಂಗಸರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಹಿಡಿಯಿತು. ಜನ ನೋಡಲಿಲ್ಲ ಅಂತಲ್ಲ, ಜನ ನೋಡಿದರು ಅಂತ ಮುಚ್ಚಿದರು ಎಂದೇ ನನಗೆ ಅನಿಸುವುದು.

ಆಜ್ಞೆ ಹೋದ ಕೂಡಲೇ ಮನೆಯ ಆಜ್ಞೆ ಹೋಗುತ್ತದೆಯೆ? ಫೋರ್ಮೀಗಾ ಎಳೆ ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆ ತುಂಬ ಅಣ್ಣಂದಿರು. ತಂಗಿ ಬೀದಿಯಲ್ಲಿ ಹುಡುಗರ ಜೊತೆ ಚೆಂಡು ಆಡುವುದು ಅವರಿಗೆ ಸೇರುತ್ತಿರಲಿಲ್ಲ. ಅದಕ್ಕೆ ಏಟೂ ತಿಂದೆ ಎಂದು ಫೋರ್ಮೀಗಾ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇನ್ನೊಂದು ಸಂಗತಿಯನ್ನೂ ಅವರೇ ಹೇಳಿದ್ದಾರೆ. ಹುಡುಗಿ ಅಂತ ಯಾರೋ ಬೊಂಬೆ ತಂದುಕೊಟ್ಟರೆ ಅದರ ತಲೆ ಕಿತ್ತು, ಆ ತಲೆಯನ್ನೇ ಚೆಂಡು ಮಾಡಿಕೊಂಡು ಒದೆಯುತ್ತಿದ್ದರಂತೆ. ತಾಯಿ ಮಾತ್ರ ಮಗಳ ಪರ ನಿಂತರು.

1995ರಲ್ಲಿ ಸ್ವೀಡನ್‌ನಲ್ಲಿ ಮಹಿಳೆಯರ ಎರಡನೆಯ ವಿಶ್ವಕಪ್ ನಡೆಯಿತು. ಫೋರ್ಮೀಗಾಗೆ ಆಗ 17. ಬ್ರೆಜಿಲ್ ಪುರುಷರ ತಂಡ ಹಿಂದಿನ ವರ್ಷವಷ್ಟೇ ಅಮೆರಿಕದಲ್ಲಿ ವಿಶ್ವಕಪ್ ಗೆದ್ದು ಮೆರೆದಿತ್ತು. ಮಹಿಳೆಯರಿಗೆ ಆ ಕಾಲದಲ್ಲಿ ಸಿಗುತ್ತಿದ್ದದ್ದು ಪುರುಷರ ತಂಡದಲ್ಲಿ ಉಳಿದ ಅಂಗಿ ಚಡ್ಡಿಗಳು. ಅಳತೆಗೆ ಸರಿಯಾದ ಜೆರ್ಸಿ ಇಲ್ಲದೆ ದೇಶದ ಪರ ಆಡಿದವರು ಅವರು. ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಮರುವರ್ಷ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮಹಿಳೆಯರ ಫುಟ್‌ಬಾಲ್ ಮೊದಲ ಸಲ ಸೇರಿತು, ಬ್ರೆಜಿಲ್ ನಾಲ್ಕನೆಯ ಸ್ಥಾನಕ್ಕೆ ಬಂತು. ಅಲ್ಲಿಂದ ಮುಂದೆ 2000ದ ಸಿಡ್ನಿ, ಅಥೆನ್ಸ್, ಬೀಜಿಂಗ್, ಲಂಡನ್, ರಿಯೊ, ಕೊನೆಗೆ 2021ರಲ್ಲಿ ನಡೆದ ಟೋಕಿಯೊ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಫುಟ್‌ಬಾಲ್ ಶುರುವಾದಾಗಿನಿಂದ ಟೋಕಿಯೊ ತನಕ ನಡೆದ ಏಳು ಕೂಟಗಳಲ್ಲಿ ಏಳಕ್ಕೂ ಹಾಜರಾದ ಆಟಗಾರ್ತಿ ಇವರೊಬ್ಬರೇ. ವಿಶ್ವಕಪ್‌ನಲ್ಲೂ ಹಾಗೆಯೇ, 1995ರಿಂದ 2019ರವರೆಗೆ ಏಳು. ಜಪಾನಿನ ಹೊಮಾರೆ ಸಾವಾ ಆರು ವಿಶ್ವಕಪ್ ಆಡಿದರು. ಅವರೂ ನಡುಮೈದಾನದವರೇ. 2011ರ ಫೈನಲ್‌ನಲ್ಲಿ ಅಮೆರಿಕದ ವಿರುದ್ಧ 117ನೆಯ ನಿಮಿಷದಲ್ಲಿ ಕಾರ್ನರ್ ಚೆಂಡಿಗೆ ಕಾಲು ತಾಗಿಸಿ ಪಂದ್ಯ ಸಮ ಮಾಡಿ, ಜಪಾನಿಗೆ ಕಪ್ಪು ತಂದುಕೊಟ್ಟವರು. ಫೋರ್ಮೀಗಾಗೆ ಆ ಅದೃಷ್ಟ ಬರಲಿಲ್ಲ.

ಅವರು ದೊಡ್ಡ ಫೈನಲ್‌ಗಳನ್ನು ಸೋತದ್ದೇ ಹೆಚ್ಚು. 2004ರ ಅಥೆನ್ಸ್ ಫೈನಲ್ ಅಮೆರಿಕದ ಎದುರು ಹೆಚ್ಚುವರಿ ಸಮಯದಲ್ಲಿ ಹೋಯಿತು. 2008ರ ಬೀಜಿಂಗ್ ಫೈನಲ್ ಕೂಡ ಅದೇ ಅಮೆರಿಕದ ಎದುರು, ಮತ್ತೆ ಹೆಚ್ಚುವರಿ ಸಮಯದಲ್ಲಿ. ನಡುವೆ 2007ರ ವಿಶ್ವಕಪ್ ಫೈನಲ್, ಶಾಂಘೈನಲ್ಲಿ. ಜರ್ಮನಿ 2, ಬ್ರೆಜಿಲ್ 0. ಆ ದಿನ ಪದಕ ತೆಗೆದುಕೊಳ್ಳಲು ಬಂದ ಬ್ರೆಜಿಲ್ ಹುಡುಗಿಯರು ಒಂದು ಬರಹ ಎತ್ತಿ ಹಿಡಿದರು. ತಮ್ಮ ದೇಶವನ್ನೇ ಕುರಿತು, ನಮಗೆ ಬೆಂಬಲ ಬೇಕು ಎಂದು ಅದರಲ್ಲಿ ಬರೆದಿತ್ತು. ವಿಶ್ವಕಪ್ ಫೈನಲ್ ಆಡಿದ ತಂಡ ಕೈಯಲ್ಲಿ ಅರ್ಜಿ ಹಿಡಿದು ನಿಂತ ಹಾಗಿತ್ತು ಅದು. ಆ ವೇದಿಕೆಯಲ್ಲಿ ಮಾರ್ತಾ ಇದ್ದರು, ಕ್ರಿಸ್ಟಿಯಾನೆ ಇದ್ದರು. ಇಬ್ಬರೂ ಗೋಲು ಹೊಡೆಯುವವರು, ಹಾಗಾಗಿ ಹೆಸರಾದವರು. ಅವರ ಹಿಂದೆ ನಿಂತು ಚೆಂಡು ಕಸಿದು ಕೊಟ್ಟ ಫೋರ್ಮೀಗಾ ಪತ್ರಿಕೆಯ ಫೋಟೋದಲ್ಲಿ ಎಲ್ಲೋ ಅಂಚಿನಲ್ಲಿ.

ಇಪ್ಪತ್ತಾರು ವರ್ಷ ಆಡಿದರು ಅಂದಾಗ ಜನ ಮೊದಲು ಕೇಳುವುದು, ಏನು ತಿಂದರು, ಎಂಥ ಕಸರತ್ತು ಮಾಡಿದರು ಅಂತ. ಕಸರತ್ತು ಇದ್ದೇ ಇತ್ತು. ಆದರೆ ಇಷ್ಟು ವರ್ಷ ಶಿಳ್ಳೆ ಊದಿದವನಾಗಿ ನಾನು ಕೇಳುವ ಪ್ರಶ್ನೆ ಬೇರೆ: ಅವರಿಗೆ ಆಡಲು ಎಷ್ಟು ಪಂದ್ಯ ಇದ್ದವು? ಮುಂದೆ ನಿಲ್ಲುವವಳು ಹದಿನೆಂಟಕ್ಕೇ ಮಿಂಚಬಹುದು, ಓಟ ಇದ್ದರೆ ಸಾಕು. ನಡುವೆ ನಿಲ್ಲುವವಳ ಸೊತ್ತು ಅಂದಾಜು. ಎದುರಿನವಳು ಚೆಂಡನ್ನು ಎತ್ತ ಕೊಡುತ್ತಾಳೆ ಅನ್ನುವುದು ಅವಳ ಭುಜ ನೋಡಿ ತಿಳಿಯಬೇಕು. ಅದು ಹೇಳಿಕೊಟ್ಟು ಬರುವುದಲ್ಲ, ನೂರಾರು ಪಂದ್ಯ ಆಡಿ ಮೈಗೆ ಹತ್ತುವುದು. ಫೋರ್ಮೀಗಾ ಪಂದ್ಯ ಇರುವ ಕಡೆ ಹೋದರು. ಸ್ವೀಡನ್‌ನ ಮಾಲ್ಮೋಗೆ ಹೋದರು, ಅಮೆರಿಕದ ವೃತ್ತಿಪರ ಲೀಗಿಗೆ ಹೋದರು. ಆ ಲೀಗು ದುಡ್ಡಿಲ್ಲದೆ 2012ರಲ್ಲಿ ಮುಚ್ಚಿಯೇ ಹೋಯಿತು. ಅಷ್ಟರೊಳಗೆ ಅವರು ತಾಯ್ನಾಡಿಗೆ ಮರಳಿ ಸಾವೊ ಜೋಸೆ ಕ್ಲಬ್ ಸೇರಿದ್ದರು, ಆ ಕ್ಲಬ್ ದಕ್ಷಿಣ ಅಮೆರಿಕದ ಕ್ಲಬ್ ಕಪ್ಪನ್ನು 2011, 2013, 2014ರಲ್ಲಿ ಗೆದ್ದಿತು. 2015ರಲ್ಲಿ ಮಾಂಟ್ರಿಯಲ್‌ನಲ್ಲಿ ದಕ್ಷಿಣ ಕೊರಿಯಾ ಹುಡುಗಿಯೊಬ್ಬಳು ಹಿಂದಕ್ಕೆ ಕೊಟ್ಟ ಪಾಸು ತಪ್ಪಿದ್ದೇ ತಡ, ಅದರ ಮೇಲೆ ಬಿದ್ದು ಗೋಲು ಹೊಡೆದಾಗ ಅವರಿಗೆ 37.

2016ರ ಕೊನೆಗೆ ಸಾಕು ಎಂದು ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಅವರ ಜಾಗಕ್ಕೆ ಒಪ್ಪುವವರು ಸಿಗದೆ ಕೋಚ್ 2018ರಲ್ಲಿ ಮತ್ತೆ ಕರೆಸಿದರು, ಬಂದರು. ಆ ಹೊತ್ತಿಗೆ ಪ್ಯಾರಿಸ್‌ನ ಪಿ.ಎಸ್.ಜಿ. ಕ್ಲಬ್ಬಿನಲ್ಲಿದ್ದರು. 2019ರ ಫ್ರಾನ್ಸ್ ವಿಶ್ವಕಪ್ ಆಡಿದಾಗ 41, ಮಹಿಳಾ ವಿಶ್ವಕಪ್‌ನಲ್ಲಿ ಆ ವಯಸ್ಸಿನವರು ಅದುವರೆಗೆ ಯಾರೂ ಆಡಿರಲಿಲ್ಲ. ಅವರ ಮೊದಲ ವಿಶ್ವಕಪ್ ನಡೆದಾಗ ಇನ್ನೂ ಹುಟ್ಟಿರದ ಹುಡುಗಿಯರು ಆ ಕೂಟದಲ್ಲಿ ಆಡಿದರು. ಫ್ರಾನ್ಸ್ ಎದುರು ಸೋತು ಹೊರಬಿದ್ದ ದಿನ ಮಾರ್ತಾ ಕ್ಯಾಮೆರಾದ ಮುಂದೆ ಕಣ್ಣೀರು ತುಂಬಿಕೊಂಡು ತಮ್ಮ ದೇಶದ ಹುಡುಗಿಯರಿಗೆ ಹೇಳಿದ ಮಾತಿನ ಸಾರ ಇಷ್ಟು: ಫೋರ್ಮೀಗಾ ಯಾವಾಗಲೂ ಇರುವುದಿಲ್ಲ, ನಾನೂ ಇರುವುದಿಲ್ಲ, ಇನ್ನು ನೀವು ನೋಡಿಕೊಳ್ಳಬೇಕು. ಗಮನಿಸಿ, ಮಾರ್ತಾ ಮೊದಲು ಹೇಳಿದ ಹೆಸರು ಫೋರ್ಮೀಗಾರದು. ಎರಡು ವರ್ಷದ ಮೇಲೆ ಪಿ.ಎಸ್.ಜಿ. ಫ್ರಾನ್ಸ್ ಲೀಗ್ ಗೆದ್ದು, ಹದಿನಾಲ್ಕು ವರ್ಷ ಬಿಡದೆ ಗೆದ್ದಿದ್ದ ಲಿಯೋನ್ ತಂಡದ ಓಟ ಮುರಿಯಿತು. ಆ ತಂಡದಲ್ಲಿ 43ರ ಫೋರ್ಮೀಗಾ ಇದ್ದರು.

ಇನ್ನು ನಮ್ಮ ದೇಶಕ್ಕೆ ಬರುತ್ತೇನೆ, ಕಥೆಯೇ ಈ ಕಡೆ ತಿರುಗಿದೆ. ಫೋರ್ಮೀಗಾ ದೇಶಕ್ಕಾಗಿ ಆಡಿದ ಕೊನೆಯ ಪಂದ್ಯ 2021ರ ನವೆಂಬರ್ 25ರಂದು, ಅಮೆಜಾನ್ ಕಾಡಿನ ನಡುವಿನ ಮನಾವ್ಸ್ ಪಟ್ಟಣದಲ್ಲಿ ನಡೆಯಿತು. ಎದುರಾಳಿ ಯಾರು ಗೊತ್ತೆ? ಭಾರತ. ಮೊದಲ ನಿಮಿಷದಲ್ಲೇ ಬ್ರೆಜಿಲ್ ಗೋಲು ಹೊಡೆಯಿತು. ಇನ್ನು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಎಂಟನೆಯ ನಿಮಿಷಕ್ಕೆ ನಮ್ಮ ಮನೀಷಾ ಕಲ್ಯಾಣ್ ಚೆಂಡನ್ನು ಬಲೆಗೆ ಹಾಕಿದಳು. ಬ್ರೆಜಿಲ್ 1, ಭಾರತ 1. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಮುಗ್ಗೋವಾಲ್ ಎಂಬ ಹಳ್ಳಿಯ ಹುಡುಗಿ, ಇಪ್ಪತ್ತು ತುಂಬಲು ಇನ್ನೂ ಎರಡು ದಿನ ಇತ್ತು. ಕೊನೆಗೆ 6-1ರಿಂದ ಸೋತೆವು, ಅದನ್ನೇನೂ ಮುಚ್ಚಿಡಬೇಕಾಗಿಲ್ಲ. ಪಂದ್ಯದ ಕೊನೆಯ ಭಾಗದಲ್ಲಿ ಫೋರ್ಮೀಗಾ ಬದಲಿ ಆಟಗಾರ್ತಿಯಾಗಿ ಮೈದಾನಕ್ಕಿಳಿದರು, ಕ್ರೀಡಾಂಗಣವೆಲ್ಲ ಎದ್ದು ನಿಂತಿತು. ಬ್ರೆಜಿಲ್ ಪರ ಇನ್ನೂರಕ್ಕೂ ಹೆಚ್ಚು ಪಂದ್ಯ ಆಡಿದ ಹೆಣ್ಣುಮಗಳು ಕೊನೆಗೆ ತನ್ನ ಎದುರಿಗೆ ಕಂಡದ್ದು ಭಾರತದ ನೀಲಿ ಅಂಗಿಗಳನ್ನು.

ಹಾಗಂತ ಭಾರತದ ಹೆಣ್ಣುಮಕ್ಕಳ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ. ನಮ್ಮಲ್ಲಿ ನಿಷೇಧದ ಕಾನೂನು ಯಾವತ್ತೂ ಇರಲಿಲ್ಲ. 1975ರಲ್ಲೇ ಮಹಿಳಾ ಫುಟ್‌ಬಾಲ್ ಫೆಡರೇಷನ್ ಹುಟ್ಟಿ, ಲಖನೌದಲ್ಲಿ ಮೊದಲ ರಾಷ್ಟ್ರೀಯ ಕೂಟ ನಡೆಯಿತು. 1980ರಲ್ಲಿ ಕೋಯಿಕ್ಕೋಡ್‌ನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಭಾರತ ಎರಡನೆಯದಾಯಿತು, 1983ರಲ್ಲಿ ಮತ್ತೆ ಎರಡನೆಯದು. ಆ ತಲೆಮಾರಿನಲ್ಲಿ ಬಂಗಾಳದ ಶಾಂತಿ ಮಲ್ಲಿಕ್ ಇದ್ದರು, ನಮ್ಮ ಕರ್ನಾಟಕದ ಚಿತ್ರಾ ಗಂಗಾಧರನ್ ಇದ್ದರು. ಬ್ರೆಜಿಲ್ ನಿಷೇಧ ತೆಗೆಯುವ ಹೊತ್ತಿಗೆ ನಾವು ಏಷ್ಯಾದ ಮುಂಚೂಣಿಯಲ್ಲಿದ್ದೆವು. ಆಮೇಲೆ ಏನಾಯಿತು? ಕಾನೂನು ಅಡ್ಡ ಬರಲಿಲ್ಲ, ಕ್ಯಾಲೆಂಡರ್ ಅಡ್ಡ ಬಂತು. ಹೆಣ್ಣುಮಕ್ಕಳಿಗೆ ವರ್ಷಕ್ಕೊಂದು ರಾಷ್ಟ್ರೀಯ ಕೂಟ, ಆಗಲೋ ಈಗಲೋ ಒಂದು ಅಂತರರಾಷ್ಟ್ರೀಯ ಪಂದ್ಯ. ದೇಶದ ಮಟ್ಟದ ಮಹಿಳಾ ಲೀಗ್ ಶುರುವಾದದ್ದು 2017ರಲ್ಲಿ. ಅದೂ ಜನವರಿ 28ಕ್ಕೆ ಶುರುವಾಗಿ ಫೆಬ್ರವರಿ 14ಕ್ಕೆ ಮುಗಿದೇ ಹೋಯಿತು. ನಮ್ಮ ಕಡೆ ಒಂದು ದೊಡ್ಡ ಜಾತ್ರೆಯ ಅಂಗಡಿಗಳು ಅದಕ್ಕಿಂತ ಹೆಚ್ಚು ದಿನ ನಿಲ್ಲುತ್ತವೆ. 2020ರಲ್ಲಿ ಆ ಲೀಗ್ ಬೆಂಗಳೂರಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನಡೆದಾಗಲೂ ಮೂರು ವಾರದ ಆಟ. ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅಲ್ಲಿ ಸೆಮಿಫೈನಲ್ ತಲುಪಿತು, 2023ರಲ್ಲಿ ಫೈನಲ್ ತನಕ ಹೋಗಿ ಗೋಕುಲಂ ಕೇರಳಕ್ಕೆ ಸೋತಿತು. ಒಂದೊಂದು ತಂಡವೂ ತನ್ನೂರಿನಲ್ಲೂ ಎದುರಾಳಿಯ ಊರಿನಲ್ಲೂ ಆಡುವ, ತಿಂಗಳುಗಟ್ಟಲೆ ನಡೆಯುವ ಲೀಗ್ ಬಂದದ್ದು 2023-24ರಲ್ಲಿ. ಹೀಗಿರುವಾಗ ನಡುಮೈದಾನದ ಅಂದಾಜು ಎಲ್ಲಿಂದ ಹುಟ್ಟಬೇಕು?

ಅದಕ್ಕೇ ಮನೀಷಾ ಹೊರಗೆ ಹೋದಳು. 2022ರಲ್ಲಿ ಸೈಪ್ರಸ್‌ನ ಅಪೋಲೊನ್ ತಂಡ ಸೇರಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದಳು. ಮುಂದೆ ಗ್ರೀಸ್‌ನ ಪಿ.ಎ.ಓ.ಕೆ., ಆಮೇಲೆ ಪೆರುವಿನ ಅಲಿಯಾನ್ಸಾ ಲಿಮಾ. ಫೋರ್ಮೀಗಾ ತುಳಿದ ದಾರಿಯೇ ಅದು, ಪಂದ್ಯ ಇರುವಲ್ಲಿಗೆ ಹೋಗುವುದು.

ದೇಶದಲ್ಲೇ ಉಳಿದು ಆಡಿದವರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ಸಂಗೀತಾ ಬಾಸ್‌ಫೋರ್ ಇದ್ದಾಳೆ. ಮಿಡ್‌ಫೀಲ್ಡರ್. 2025ರ ಜುಲೈ 5ರಂದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಏಷ್ಯಾ ಕಪ್ ಅರ್ಹತಾ ಪಂದ್ಯ. ಥಾಯ್ಲೆಂಡ್ ಎರಡು ಸಲ ವಿಶ್ವಕಪ್ ಆಡಿದ ತಂಡ, ಅದೂ ಅವರ ಮನೆಯಂಗಳದಲ್ಲಿ. 29ನೆಯ ನಿಮಿಷಕ್ಕೆ ಸಂಗೀತಾ ಗೋಲು ಹೊಡೆದಳು. ವಿರಾಮ ಮುಗಿದ ಕೂಡಲೇ ಥಾಯ್ಲೆಂಡ್ ಸಮ ಮಾಡಿತು. 74ನೆಯ ನಿಮಿಷಕ್ಕೆ ಮತ್ತೆ ಸಂಗೀತಾ. 2-1. ಅರ್ಹತಾ ಸುತ್ತು ಆಡಿ ಗೆದ್ದು ಭಾರತದ ಮಹಿಳೆಯರು ಏಷ್ಯಾ ಕಪ್‌ಗೆ ಪ್ರವೇಶ ಪಡೆದದ್ದು ಅದೇ ಮೊದಲು. ನಡುವೆ ನಿಂತವಳು ಒಂದು ದಿನವಾದರೂ ಪತ್ರಿಕೆಯ ಫೋಟೋದ ನಟ್ಟನಡುವೆ ಬಂದಳು ಅಂತ ನನಗೆ ಹಿಗ್ಗು. ಆದರೂ ಒಂದು ಮಾತು ಹೇಳಬೇಕು. ಎರಡು ಗೋಲು ಹೊಡೆದಿರದಿದ್ದರೆ, ಅಷ್ಟೇ ಚೆನ್ನಾಗಿ ಆಡಿದ್ದರೂ, ಅವಳ ಹೆಸರನ್ನು ನಾನು ಇವತ್ತು ರೇಡಿಯೋದಲ್ಲಿ ಹೇಳುತ್ತಿದ್ದೆನೋ ಇಲ್ಲವೋ.

ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಎನ್ನುವವರಿಗೆ ಒಂದು ಹೆಸರು ಸಾಕು. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ಕಿತ್ತಳು. ಎದುರಾಳಿ 79ಕ್ಕೆ ಮುಗಿಯಿತು. ಸೈಕಲ್ ಪಂದ್ಯಗಳಲ್ಲಂತೂ ನಮ್ಮ ಜಿಲ್ಲೆಯ ಹುಡುಗಿಯರ ಹೆಸರು ರಾಜ್ಯಕ್ಕೇ ಗೊತ್ತು. ಕಾಲಿನ ಬಲಕ್ಕೆ ಇಲ್ಲಿ ಕೊರತೆ ಇಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿನ ಕ್ರೀಡಾಕೂಟಕ್ಕಾದರೂ ಹೋಗಿ ನೋಡಿ. ಖೋ-ಖೋ ಆಡುವ ಎಂಟನೆಯ ತರಗತಿ ಹುಡುಗಿ ಕಂಬದ ಹತ್ತಿರ ಮೈ ಬಳುಕಿಸಿ ತಪ್ಪಿಸಿಕೊಳ್ಳುವುದಿದೆಯಲ್ಲ, ಮಿಡ್‌ಫೀಲ್ಡರಿಗೆ ಬೇಕಾದ ಅರ್ಧ ವಿದ್ಯೆ ಅಲ್ಲೇ ಇದೆ. ಅವಳೇ ಹತ್ತನೆಯ ತರಗತಿಗೆ ಬಂದಾಗ ಪರೀಕ್ಷೆಯ ಓದು ಅಂತ ಮೈದಾನ ಬಿಡುತ್ತಾಳೆ. ಕಾಲೇಜಿಗೆ ಊರಿಂದ ಊರಿಗೆ ಬಸ್ಸಿನಲ್ಲಿ ಓಡಾಡುವಾಗ ಸಂಜೆಯ ಆಟಕ್ಕೆ ನಿಂತರೆ ಕೊನೆಯ ಬಸ್ಸು ತಪ್ಪುತ್ತದೆ. ಬ್ರೆಜಿಲ್ ಸರ್ಕಾರ ಆಜ್ಞೆ ಬರೆದು ಮಾಡಿದ ಕೆಲಸವನ್ನು ನಮ್ಮಲ್ಲಿ ಬಸ್ಸಿನ ವೇಳಾಪಟ್ಟಿ ಸದ್ದಿಲ್ಲದೆ ಮಾಡುತ್ತಿದೆ. ಹದಿನೇಳಕ್ಕೆ ಫೋರ್ಮೀಗಾರ ಆಟ ಶುರುವಾಯಿತು. ಹದಿನೇಳಕ್ಕೆ ನಮ್ಮ ಹುಡುಗಿಯರದು ಮುಗಿದಿರುತ್ತದೆ.

ಆಟಕ್ಕೆ ಕಳಿಸಿ ಅಂತ ಕೇಳಲು ಮನೆಗಳಿಗೆ ಹೋದರೆ ತಂದೆ ತಾಯಂದಿರು ಕೇಳುವುದು ನ್ಯಾಯವಾದ ಪ್ರಶ್ನೆಯೇ. 'ಚೆಂಡಾಡಿ ಏನ್ ಸಿಗತೈತ್ರೀ ಸರ್?' ಅಭಿಮಾನ, ಕೀರ್ತಿ, ದೇಶ ಅಂತೆಲ್ಲ ನಾನು ಶುರು ಮಾಡುವುದಿಲ್ಲ. ಈ ಸಂಗೀತಾ ಸಶಸ್ತ್ರ ಸೀಮಾ ಬಲದಲ್ಲಿ ನೌಕರಿಯಲ್ಲಿದ್ದಾಳೆ ಅನ್ನುತ್ತೇನೆ. ತಮಿಳುನಾಡಿನ ಕಡಲೂರಿನ ಇಂದುಮತಿ ಕದಿರೇಶನ್ ಭಾರತಕ್ಕೆ ಮಿಡ್‌ಫೀಲ್ಡ್ ಆಡುತ್ತಲೇ ಅಲ್ಲಿಯ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆದಳು, 2020ರ ಲಾಕ್‌ಡೌನ್‌ನಲ್ಲಿ ಚೆನ್ನೈ ರಸ್ತೆಯಲ್ಲಿ ಮಾಸ್ಕ್ ಹಾಕಿಕೊಂಡು ಡ್ಯೂಟಿ ಮಾಡಿದಳು ಅನ್ನುತ್ತೇನೆ. ಸಬ್ ಇನ್‌ಸ್ಪೆಕ್ಟರ್ ಅಂದ ಕೂಡಲೇ ಕಟ್ಟೆಯ ಮೇಲೆ ಕೂತವರು ಸ್ವಲ್ಪ ಸರಿದು ಜಾಗ ಮಾಡಿಕೊಡುತ್ತಾರೆ. ಆಲಮೇಲದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ತಂದೆ ಇದನ್ನೆಲ್ಲ ತಲೆ ತಗ್ಗಿಸಿಕೊಂಡು ಕೇಳಿದ. ತೊಗರಿ ರೇಟು ಬಿದ್ದ ವರ್ಷ ಅದು. ಒಳಗಿದ್ದ ಮಗಳ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಕೇಳಿದ: 'ಆತು ಬಿಡ್ರಿ. ಬೂಟಿಗೆ ಎಷ್ಟ್ ಬೀಳತೈತಿ?'